ಬುಡವಿದ್ದರೆ ಗಿಡ

ಮೈಸೂರಿನ ಶ್ರೀರಾಂಪುರದ ಅಡ್ಡರಸ್ತೆಗಳಲ್ಲಿ ಈಗ ಹಳೆಯ ಮನೆಗಳು ಒಂದೊಂದಾಗಿ ನೆಲಕ್ಕಿಳಿಯುತ್ತಿವೆ. 30×40ರ ನಿವೇಶನ, ಒಂದೇ ಅಂತಸ್ತಿನ ಮನೆ, ಮುಂದೆ ನಾಲ್ಕಡಿ ಮಣ್ಣು. ಆ ಮಣ್ಣಿನಲ್ಲಿ ದಾಸವಾಳ, ನಂದಿಬಟ್ಟಲು, ಕರಿಬೇವು, ಗೇಟಿನ ಮೇಲೆ ಕಮಾನಾಗಿ ಬಾಗಿದ ಕಾಗದದ ಹೂ. ಈ ಬಡಾವಣೆಗೆ ಮೊದಲು ಬಂದು ನೆಲೆಸಿದವರು ಹೀಗೆಯೇ ಮನೆ ಕಟ್ಟಿಕೊಂಡಿದ್ದರು. ಈಗ ಮಕ್ಕಳಿಗೆ ಮನೆ ಸಾಲದು, ಕಾರಿಗೆ ಜಾಗ ಬೇಕು, ಮೇಲೊಂದು ಬಾಡಿಗೆ ಮನೆಯೂ ಬೇಕು. ಜೆಸಿಬಿ ಬಂದು ನಿಂತಾಗ ಮೊದಲು ಹೋಗುವುದು ಗಿಡಗಳು, ಗೋಡೆ ಆಮೇಲೆ. ಯಂತ್ರ ಒಳಗೆ ಬರಬೇಕಾದರೆ ದಾರಿ ಆಗಬೇಕಲ್ಲ. ಇಪ್ಪತ್ತು ಮೂವತ್ತು ವರ್ಷ ಪೂಜೆಗೆ ಹೂ ಕೊಟ್ಟ ದಾಸವಾಳ ಅರ್ಧ ನಿಮಿಷದಲ್ಲಿ ಬೇರು ಮೇಲಾಗಿ ಬಿದ್ದಿರುತ್ತದೆ.

ಅಂಥ ಕಡೆ ಹಾದುಹೋಗುವಾಗ ನನ್ನ ಕಣ್ಣು ಹೂವನ್ನಾಗಲಿ ಎಲೆಯನ್ನಾಗಲಿ ಹುಡುಕುವುದಿಲ್ಲ. ನೇರವಾಗಿ ಬುಡಕ್ಕೆ ಹೋಗುತ್ತದೆ. ಮಣ್ಣಿನಿಂದ ಎದ್ದು ಬರುವ ಜಾಗದಲ್ಲಿ ಕಾಂಡ ಎಷ್ಟು ಅಗಲವಾಗಿದೆ, ಬೇರುಗಳು ಸುತ್ತಲೂ ಚಾಚಿಕೊಂಡಿವೆಯೋ ಒಂದೇ ಕಡೆ ಜಾರಿವೆಯೋ, ಮೇಲೆ ಹೋದಂತೆ ಕಾಂಡ ಸಣ್ಣಗಾಗುತ್ತದೆಯೋ ಇಲ್ಲವೋ, ಎಲ್ಲಿ ತಿರುವಿದೆ, ಎಲ್ಲಿ ಗಂಟಿದೆ. ಬೋನ್ಸಾಯ್ ಮಾಡುವವರಿಗೆ ಗಿಡವೆಂದರೆ ಮೊದಲು ಬುಡ. ರೆಂಬೆಗಳನ್ನು ಬೆಳೆಸಿಕೊಳ್ಳಬಹುದು, ಎಲೆಯನ್ನು ಕಿರಿದು ಮಾಡಿಕೊಳ್ಳಬಹುದು. ಬುಡವನ್ನು ಮಾತ್ರ ಕುಂಡದಲ್ಲಿ ತಯಾರಿಸಲಾಗದು.

ಇದಕ್ಕೆ ಕಾರಣ ಸರಳ. ಎಲೆ ಬಿಸಿಲಿನಲ್ಲಿ ಮಾಡಿದ ಸಕ್ಕರೆಯೇ ಕೊನೆಗೆ ಕಟ್ಟಿಗೆಯಾಗುವುದು. ಎಲೆ ಹೆಚ್ಚಿದ್ದರೆ ಕಾಂಡ ಬೇಗ ದಪ್ಪವಾಗುತ್ತದೆ. ಎಲೆ ಹೆಚ್ಚಬೇಕಾದರೆ ಬೇರು ಓಡಾಡಬೇಕು, ಬೇರು ಓಡಾಡಬೇಕಾದರೆ ನೆಲ ಬೇಕು. ನಾಲ್ಕು ಬೆರಳು ಆಳದ ಕುಂಡದಲ್ಲಿ ಬೇರಿಗೂ ಎಲೆಗೂ ಮಿತಿ ಬೀಳುತ್ತದೆ, ಕಾಂಡ ವರ್ಷಕ್ಕೆ ಕೂದಲೆಳೆಯಷ್ಟು ಹಿಗ್ಗಿದರೆ ಹೆಚ್ಚು. ತೋಳಿನಷ್ಟು ದಪ್ಪದ ಬುಡವಿರುವ ಬೋನ್ಸಾಯ್ ಎಲ್ಲಾದರೂ ಕಂಡರೆ ಅದು ತನ್ನ ಆಯಸ್ಸಿನ ದೊಡ್ಡ ಭಾಗವನ್ನು ಬಯಲಿನಲ್ಲೋ ಯಾರದೋ ಹಿತ್ತಲಿನಲ್ಲೋ ಕಳೆದು ಬಂದದ್ದು ಎಂದು ತಿಳಿಯಬೇಕು. ಅದನ್ನು ಅಷ್ಟು ದಪ್ಪ ಮಾಡಿದ್ದು ನೆಲ. ಆ ನೆಲಕ್ಕೆ ನೀರು ಹಾಕಿದ್ದು ಇನ್ಯಾರೋ. ಅಗೆದು ತಂದ ಗಿಡವನ್ನು ಬೋನ್ಸಾಯ್ ಮಾಡುವವರು ಅವರಿಬ್ಬರ ಕೆಲಸವನ್ನು ಮುಂದುವರಿಸುವವರು. ಈ ಮಾತನ್ನು ನನಗೆ ಮನದಟ್ಟು ಮಾಡಿಕೊಟ್ಟದ್ದು ನಮ್ಮ ಬೀದಿಯ ಒಂದು ಹಿಪ್ಪುನೇರಳೆ ಗಿಡ.

ಶ್ರೀರಾಂಪುರದಲ್ಲಿ ಹಿಪ್ಪುನೇರಳೆ ಸಿಕ್ಕಿದ್ದು ಆಕಸ್ಮಿಕವಲ್ಲ. ನಮ್ಮ ಮಾನಂದವಾಡಿ ರಸ್ತೆಯೇ ರೇಷ್ಮೆಯ ರಸ್ತೆ. ನಗರದ ಕಡೆಯಿಂದ ಬಂದರೆ, ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ 1912ರಲ್ಲಿ ಶುರುವಾದ ರೇಷ್ಮೆ ನೇಯ್ಗೆ ಕಾರ್ಖಾನೆ ಇರುವುದು ಇದೇ ರಸ್ತೆಯಲ್ಲಿ. ಮೈಸೂರು ರೇಷ್ಮೆ ಸೀರೆ ಮಗ್ಗದಿಂದ ಇಳಿಯುವುದು ಅಲ್ಲಿ. ಇನ್ನಷ್ಟು ಮುಂದೆ ಬಂದರೆ ಶ್ರೀರಾಂಪುರದಲ್ಲಿ ಕೇಂದ್ರ ರೇಷ್ಮೆ ಸಂಶೋಧನೆ ಮತ್ತು ತರಬೇತಿ ಸಂಸ್ಥೆ. ರೇಷ್ಮೆ ಬೆಳೆಯುವ ರೈತರ ಬಾಯಲ್ಲಿ ‘ವಿ-ಒನ್’ ಎಂದೇ ನಿಂತಿರುವ ಹಿಪ್ಪುನೇರಳೆ ತಳಿ ಹುಟ್ಟಿದ್ದು ಈ ಸಂಸ್ಥೆಯಲ್ಲಿ, 1990ರ ದಶಕದಲ್ಲಿ. ಟಿಪ್ಪು ಸುಲ್ತಾನ ಬಂಗಾಳದಿಂದ ಹುಳ ತರಿಸಿ ಈ ಸೀಮೆಯಲ್ಲಿ ಸಾಕಣೆಗೆ ಕೈಹಾಕಿದ ಮೇಲೆ ಎರಡು ಶತಮಾನಗಳಿಂದ ಮೈಸೂರಿನ ಸುತ್ತ ಈ ಗಿಡ ಮನೆಮಾತಾಗಿದೆ. ಹಾಗಾಗಿ ನಮ್ಮ ಬೀದಿಯ ಹಳೆಯ ಮನೆಗಳ ಮೂಲೆಯಲ್ಲಿ ಒಂದು ಹಿಪ್ಪುನೇರಳೆ ಇದ್ದರೆ ಯಾರೂ ಬೆರಗಾಗುವುದಿಲ್ಲ. ಮಕ್ಕಳು ಹಣ್ಣು ಕಿತ್ತು ತಿಂದು ಅಂಗಿ ನೇರಳೆ ಮಾಡಿಕೊಳ್ಳುತ್ತಿದ್ದರು, ಅಷ್ಟೆ.

ನಾನು ಹೇಳುತ್ತಿರುವ ಗಿಡ ಎದುರು ಸಾಲಿನ ಅಜ್ಜಿಯ ಮನೆಯದು. ಅವರ ಯಜಮಾನರು ರೇಷ್ಮೆ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮನೆ ಕಟ್ಟಿದ ವರ್ಷ ಊರಿಂದ ಒಂದು ಕಡ್ಡಿ ತಂದು ಕಾಂಪೌಂಡಿನ ಮೂಲೆಯಲ್ಲಿ ಚುಚ್ಚಿದ್ದರಂತೆ. ಅದು ಹೊಸ ತಳಿಗಳ ಅಗಲ ಎಲೆಯ ಗಿಡವಲ್ಲ, ಸೀಳು ಸೀಳಾದ ಸಣ್ಣ ಎಲೆಯ ನಾಟಿ ಗಿಡ. ಗೋಡೆಗೆ ಒತ್ತಿ ಬೆಳೆದದ್ದರಿಂದ ಬುಡ ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ವಿದ್ಯುತ್ ತಂತಿಗೆ ತಾಗುತ್ತದೆಂದು ಪ್ರತಿ ಮಳೆಗಾಲಕ್ಕೆ ಮುಂಚೆ ಯಾರಾದರೂ ಅದನ್ನು ಕಡಿಯುತ್ತಿದ್ದರು. ಕಡಿದ ಜಾಗದಲ್ಲೆಲ್ಲ ಮುಷ್ಟಿಗಾತ್ರದ ಗಂಟು ಕಟ್ಟಿತ್ತು. ಅಂಥ ಗಂಟು ಒಂದೆರಡು ವರ್ಷದಲ್ಲಿ ಬರುವಂಥದ್ದಲ್ಲ.

ಮನೆ ಕೆಡವುವುದು ಗೊತ್ತಾದ ದಿನ ಅಜ್ಜಿಯ ಹತ್ತಿರ ಹೋಗಿ ಕೇಳಿದೆ. “ಒಲೆಗೆ ಹೋಗೋ ಗಿಡ, ತಗೊಂಡು ಹೋಗಮ್ಮ. ನಿನ್ನ ಕೈಲಿ ಬದುಕಿದ್ರೆ ಬದುಕಲಿ” ಎಂದರು. ಅವರ ಮಗನೂ ಬೇಡವೆನ್ನಲಿಲ್ಲ. ಅಗೆಯುವ ಗಿಡ ಇನ್ನೊಬ್ಬರದು, ಅಗೆಯುವ ನೆಲ ಇನ್ನೊಬ್ಬರದು. ಕೇಳದೆ ಒಂದು ಬೇರನ್ನೂ ಮುಟ್ಟಬಾರದು. ಕಾಡಿನಿಂದ, ಕೆರೆಯಂಚಿನಿಂದ, ರಸ್ತೆ ಬದಿಯಿಂದ ಗಿಡ ಕೀಳುವುದನ್ನು ನಾನು ಒಪ್ಪುವುದಿಲ್ಲ. ನಮ್ಮ ಮಗ್ಗುಲಲ್ಲೇ ಲಿಂಗಾಂಬುಧಿ ಕೆರೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರು 1828ರಲ್ಲಿ ರಾಣಿಯ ನೆನಪಿಗೆ ಕಟ್ಟಿಸಿದ ಕೆರೆ. ಅದರ ದಂಡೆಯ ಗಿಡಗಳಲ್ಲಿ ಕಣ್ಣು ಕೀಲಿಸುವ ಬುಡಗಳು ಎಷ್ಟೋ ಇವೆ. ಅವು ಹಕ್ಕಿಗಳ ಸ್ವತ್ತು. ಹೇಗೂ ಸಾಯಲಿರುವ ಮನೆಯಂಗಳದ ಗಿಡ, ಮನೆಯವರು ಮನಸ್ಸಿಟ್ಟು ಕೊಟ್ಟ ಗಿಡ, ಇವಷ್ಟೇ ನಮಗೆ ಸಲ್ಲುವಂಥವು.

ಅಗೆಯಲು ಬಂದದ್ದು ಆ ಮನೆ ಕೆಡವುವ ಕೆಲಸಕ್ಕಿದ್ದ ಟಿ. ನರಸೀಪುರದ ಕಡೆಯ ಒಬ್ಬ ಹಿರಿಯ ಆಳು. ಗುದ್ದಲಿ, ಹಾರೆ, ಒಂದು ಕೈಗರಗಸ, ಎರಡು ಗೋಣಿಚೀಲ. ಸಂಕ್ರಾಂತಿ ಕಳೆದು ಚಳಿ ಇನ್ನೂ ಬಿಟ್ಟಿರಲಿಲ್ಲ. ಎಲೆ ಅರ್ಧ ಉದುರಿ ಗಿಡ ಮಂಕಾಗಿದ್ದ ಹೊತ್ತು. ಚಿಗುರಿಗೆ ಮುಂಚಿನ ಆ ಹೊತ್ತಿನಲ್ಲಿ ಗಿಡದ ಶಕ್ತಿಯೆಲ್ಲ ಕಾಂಡದಲ್ಲಿ, ಬೇರಿನಲ್ಲಿ ಪಿಷ್ಟವಾಗಿ ಕೂತಿರುತ್ತದೆ. ಕಿತ್ತಾಗ ಅದು ಗಿಡದ ಜೊತೆಯೇ ಬರುತ್ತದೆ. ಎಲೆ ಬಂದ ಮೇಲೆ ಕಿತ್ತರೆ ಆ ಉಳಿತಾಯ ಖರ್ಚಾಗಿ ಹೋಗಿರುತ್ತದೆ.

ಮೊದಲು ಮೇಲಿನದನ್ನೆಲ್ಲ ಕೊಯ್ದೆವು. ಎರಡಾಳೆತ್ತರದ ಗಿಡ ಮೊಣಕಾಲೆತ್ತರಕ್ಕೆ ಇಳಿಯಿತು. ಗಾಯದಿಂದ ಬಿಳಿ ಹಾಲು ಸುರಿಯಿತು. ನಾನು ಒಂದು ಕ್ಷಣ ಗರಗಸ ಹಿಡಿದು ನಿಂತದ್ದನ್ನು ಕಂಡು ಆತ ಹೇಳಿದ ಮಾತು: “ಯೋಚ್ನೆ ಮಾಡ್ಬ್ಯಾಡಿ ಅಮ್ಮಾವ್ರೆ. ರೇಷ್ಮೆ ಕಡ್ಡೀನ ಮ್ಯಾಲೆ ಎಷ್ಟು ಕುಯ್ದ್ರೂ ಬತ್ತದೆ. ಬುಡ ಅಳ್ಳಾಡ್ದಂಗೆ ನೋಡ್ಕಳಿ, ಅಷ್ಟೆಯಾ.” ಹಿಂದೆ ಅವರ ಮನೆಯಲ್ಲಿ ಹುಳ ಸಾಕುತ್ತಿದ್ದರಂತೆ. ಬೆಳೆ ಮುಗಿದ ಮೇಲೆ ಇಡೀ ತೋಟವನ್ನು ನೆಲದಿಂದ ಗೇಣುದ್ದ ಬಿಟ್ಟು ಕತ್ತರಿಸುವುದು, ಎರಡು ತಿಂಗಳು ದಾಟುವಷ್ಟರಲ್ಲಿ ಮತ್ತೆ ಆಳೆತ್ತರ ಸೊಪ್ಪು, ಮತ್ತೆ ಹುಳ, ಮತ್ತೆ ಕಟಾವು. ನೀರಿದ್ದ ವರ್ಷ ಐದು ಬೆಳೆ. ಹದಿನೈದು ಇಪ್ಪತ್ತು ವರ್ಷ ಹೀಗೆ ಕೊಯ್ಸಿಕೊಂಡ ಸಾಲಿನ ಗಿಡಗಳ ಬುಡ ಹೇಗಿರುತ್ತದೆಂದು ಆತ ಎರಡೂ ಕೈ ಮುಷ್ಟಿ ಮಾಡಿ ತೋರಿಸಿದ. ತೋಟ ಮುದಿಯಾದಾಗ ಆ ಬುಡಗಳನ್ನೆಲ್ಲ ಕಿತ್ತು ಸೌದೆ ಮಾಡುತ್ತಾರೆ. ನೀರು ಕಡಿಮೆಯಿದ್ದ ಕಡೆ ಈಗ ಮರಗಡ್ಡಿ ಬಂದಿದೆ. ಗಿಡಗಳನ್ನು ದೂರ ದೂರ ನೆಟ್ಟು, ಒಂದೇ ಕಾಂಡ ನಿಲ್ಲಿಸಿ, ಎದೆಯೆತ್ತರದಲ್ಲಿ ತಲೆ ಕಟ್ಟಿ, ಅಲ್ಲಿಂದ ಮೇಲಿನದನ್ನಷ್ಟೇ ಬೆಳೆಬೆಳೆಗೆ ಕೊಯ್ಯುವ ಪದ್ಧತಿ. ಆತ ಹೇಳುತ್ತ ಹೋದಂತೆ ನನಗೆ ಹೊಳೆದದ್ದು, ಕತ್ತರಿಸಿ ಗಿಡಕ್ಕೆ ರೂಪ ಕೊಡುವ ವಿದ್ಯೆ ನಮ್ಮ ಮೈಸೂರು ಸೀಮೆಯ ಹೊಲಗಳಲ್ಲಿ ದಿನನಿತ್ಯದ ಕೆಲಸವಾಗಿ ಇದ್ದೇ ಇದೆ ಎಂಬುದು.

ಬುಡದಿಂದ ಮೊಳದಂತರದಲ್ಲಿ ಸುತ್ತಲೂ ಕಾಲುವೆ ತೋಡಿದೆವು. ಮೇಲ್ಮಣ್ಣಿನಲ್ಲಿ ಹರಡಿದ್ದ ಸಣ್ಣ ಬೇರುಗಳನ್ನು ಉಳಿಸಿಕೊಂಡು, ನೆಟ್ಟಗೆ ಇಳಿದಿದ್ದ ತಾಯಿಬೇರನ್ನು ಗರಗಸದಲ್ಲಿ ಕೊಯ್ದೆವು. ಹಿಪ್ಪುನೇರಳೆಯ ಬೇರನ್ನು ಕಂಡವರಿಗೆ ಅದರ ಬಣ್ಣ ಮರೆಯುವುದಿಲ್ಲ: ಮಣ್ಣು ಕೊಡವಿದೊಡನೆ ಒಳಗಿಂದ ಅರಿಶಿನ-ಕಿತ್ತಳೆಯ ಸಿಪ್ಪೆ ಬೆಳಗುತ್ತದೆ. ಬೇರಿನ ಮೇಲೆ ಮಣಿಮಣಿಯಾಗಿ ಗಂಟುಗಳಿವೆಯೇ ಎಂದು ನೋಡಬೇಕು. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಈ ಗಿಡಕ್ಕೆ ಜಂತುಹುಳದಿಂದ ಬೇರುಗಂಟು ರೋಗ ಬರುವುದುಂಟು. ಅಜ್ಜಿಯ ಗಿಡದ ಬೇರು ನುಣ್ಣಗೆ, ಶುದ್ಧವಾಗಿತ್ತು. ಒದ್ದೆ ಗೋಣಿಚೀಲದಲ್ಲಿ ಸುತ್ತಿ, ರಸ್ತೆ ದಾಟಿಸಿ, ನಮ್ಮ ತಾರಸಿಗೆ ತಂದೆವು.

ಹೊಸದಾಗಿ ಕಿತ್ತ ಗಿಡಕ್ಕೆ ಚೆಂದದ ಕುಂಡ ಬೇಕಿಲ್ಲ. ಆಳವಾದ, ತಳದಲ್ಲಿ ತೂತುಗಳಿರುವ ಯಾವುದಾದರೂ ತೊಟ್ಟಿ ಸಾಕು. ತೂತಿನ ಮೇಲೆ ಸೊಳ್ಳೆಪರದೆಯ ತುಂಡು, ಅದರ ಮೇಲೆ ಜಲ್ಲಿ. ಆಮೇಲೆ ದಪ್ಪ ಮರಳು, ಜರಡಿ ಹಿಡಿದ ಇಟ್ಟಿಗೆ ಚೂರು, ಸ್ವಲ್ಪ ಕೆಮ್ಮಣ್ಣು. ದೂಳಿನಂಥ ಮಣ್ಣನ್ನು ಜರಡಿಯಲ್ಲೇ ಬಿಟ್ಟುಬಿಡಬೇಕು. ನೀರು ಹಾಕಿದೊಡನೆ ಇಳಿದು ಹೋಗಬೇಕು, ಅದು ಇಳಿದ ದಾರಿಯಲ್ಲೇ ಗಾಳಿ ಒಳಗೆ ಬರಬೇಕು. ಬೇರು ನೀರು ಕುಡಿಯುವಂತೆಯೇ ಉಸಿರೂ ಆಡುತ್ತದೆ. ಗೊಬ್ಬರ ಆಗ ಹಾಕುವಂತಿಲ್ಲ. ಬೇರಿನ ತುದಿಗಳೇ ಇಲ್ಲದ ಗಿಡಕ್ಕೆ ಅದನ್ನು ಹೀರುವ ಬಾಯಿಲ್ಲ. ದೊಡ್ಡ ಗಾಯಗಳಿಗೆ ಬೋರ್ಡೋ ಮುಲಾಮು ಹಚ್ಚಿದೆ. 100 ಗ್ರಾಂ ಮೈಲುತುತ್ತ, 100 ಗ್ರಾಂ ಸುಣ್ಣ, ಒಂದು ಲೀಟರ್ ನೀರು. ತೋಟದವರೆಲ್ಲ ಬಲ್ಲ ಮದ್ದು.

ನರಸೀಪುರದವನ ಮಾತಿನಂತೆ ಬುಡ ಅಲ್ಲಾಡದ ಹಾಗೆ ತೊಟ್ಟಿಯ ತೂತುಗಳಿಂದ ತಂತಿ ಎಳೆದು ಬೇರಿನ ಗಡ್ಡೆಯನ್ನು ಬಿಗಿದು ಕಟ್ಟಿದೆ. ಹೊಸ ಬೇರು ಮೊದಮೊದಲು ಕೂದಲಿಗಿಂತ ಸಣ್ಣಗಿರುತ್ತದೆ. ಆಷಾಢದ ಗಾಳಿಗೆ ಕಾಂಡ ಒಂದು ಬೆರಳಷ್ಟು ತೂಗಿದರೂ ಅವೆಲ್ಲ ಹರಿದು ಹೋಗುತ್ತವೆ. ಜಪಾನಿನ ಬೋನ್ಸಾಯ್ ಗುರುಗಳು ಶಿಷ್ಯರಿಗೆ ಹೇಳಿಕೊಡುವ ಪಾಠವೂ ಇದೇ. ಬಳಿಕ ತೊಟ್ಟಿಯನ್ನು ಬಾಣಂತಿಯ ಕೋಣೆಯಂಥ ಮೂಲೆಗೆ ಸರಿಸಿದೆ: ಬೆಳಕಿದೆ, ಸುಡುವ ಬಿಸಿಲಿಲ್ಲ, ಬೀಸುಗಾಳಿಯಿಲ್ಲ.

ಇನ್ನು ಕಾಯುವ ಕಾಲ. ಈ ಕಾಲದ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಏಕೆಂದರೆ ಅಗೆದು ತಂದ ಗಿಡಗಳು ಹೆಚ್ಚಾಗಿ ಸಾಯುವುದು ಈಗಲೇ, ಅದೂ ಚಿಗುರಿದ ಮೇಲೆ. ಶಿವರಾತ್ರಿಯ ಹೊತ್ತಿಗೆ ಗಂಟುಗಳ ಸುತ್ತ ಹಸಿರು ಮೊಳಕೆಗಳು ಒಡೆಯುತ್ತವೆ. ಕೈಕಾಲು ಆಡದಷ್ಟು ಸಂತೋಷವಾಗುತ್ತದೆ. ಆದರೆ ಆ ಮೊದಲ ಚಿಗುರು ಬೇರಿನದಲ್ಲ, ಕಾಂಡದಲ್ಲಿ ಕೂಡಿಟ್ಟ ಪಿಷ್ಟದ್ದು. ಬೇರು ಇನ್ನೂ ಒಂದೂ ಬಂದಿರದೆ ಇರಬಹುದು. ಆಗ ಬಿಸಿಲಿಗೆ ಒಯ್ದರೆ ಎಲೆ ಹೊರಗೆ ಬಿಡುವ ನೀರನ್ನು ಒಳಗೆ ತುಂಬಿಕೊಡುವವರಿಲ್ಲ. ಎರಡು ದಿನದಲ್ಲಿ ಚಿಗುರು ಜೋತು ಬೀಳುತ್ತದೆ. ಮೊದಲ ಚಿಗುರು ನಿಂತು, ಸ್ವಲ್ಪ ಕಾಲ ಸುಮ್ಮನಿದ್ದು, ಎರಡನೆಯ ಸಲ ಹುಮ್ಮಸ್ಸಿನಿಂದ ಎದ್ದರೆ ಆಗ ಬೇರು ಹಿಡಿಯಿತೆಂದು ಅರ್ಥ. ಅಶ್ವಿನಿ ಮಳೆ ಬಿದ್ದ ಮೇಲೆ ನನ್ನ ಗಿಡ ಹಾಗೆ ಎದ್ದಿತು. ಸೀಳಿದ ಎಲೆ, ಸೀಳದ ಎಲೆ, ಎರಡೂ ಒಂದೇ ಕಡ್ಡಿಯ ಮೇಲೆ. ಆ ವರ್ಷವಿಡೀ ಕತ್ತರಿ ಮುಟ್ಟಲಿಲ್ಲ. ಎಲೆ ಹೆಚ್ಚಿದಷ್ಟೂ ಬೇರು ಹೆಚ್ಚಲಿ ಎಂದು ಕಡ್ಡಿಗಳನ್ನು ಓಡಲು ಬಿಟ್ಟೆ.

ನೋಡಿದವರಲ್ಲಿ ಕೆಲವರು ಬೇಸರದಿಂದ ಕೇಳಿದರು: ಅಷ್ಟು ದೊಡ್ಡ ಗಿಡವನ್ನು ಇಷ್ಟು ಮಾಡಿಟ್ಟಿದ್ದೀರಲ್ಲ, ಅದಕ್ಕೆ ನೋವಾಗುವುದಿಲ್ಲವೇ? ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ. ಗಿಡದ ಮೇಲಿನ ಪ್ರೀತಿಯೇ ಅವರಿಂದ ಅದನ್ನು ಕೇಳಿಸುತ್ತದೆ. ನನ್ನ ಉತ್ತರ ಇಷ್ಟು. ಬೋನ್ಸಾಯ್ ಅನ್ನ ನೀರು ಕಡಿಮೆ ಮಾಡಿ ಕುಗ್ಗಿಸಿದ ಗಿಡ ಎಂಬ ನಂಬಿಕೆ ಸುಳ್ಳು. ಉಪವಾಸ ಬಿದ್ದ ಗಿಡ ರೋಗಕ್ಕೆ ತುತ್ತಾಗುತ್ತದೆಯೇ ಹೊರತು ಚೆಂದವಾಗುವುದಿಲ್ಲ. ಕುಂಡದ ಗಿಡಕ್ಕೆ ನೆಲದ ಗಿಡಕ್ಕಿಂತ ಹೆಚ್ಚು ನೀರು, ಹೆಚ್ಚು ನಿಯಮದ ಗೊಬ್ಬರ, ಎರಡು ಮೂರು ವರ್ಷಕ್ಕೊಮ್ಮೆ ಹೊಸ ಮಣ್ಣು ಸಿಗಲೇಬೇಕು. ಅದನ್ನು ಚಿಕ್ಕದಾಗಿ ಇಟ್ಟಿರುವುದು ಕತ್ತರಿ. ಆ ಕತ್ತರಿಯನ್ನು ನಾವು ಎಲ್ಲ ಕಡೆ ಒಪ್ಪಿಕೊಂಡಿದ್ದೇವೆ. ಕೊಡಗಿನ ತೋಟಗಳಲ್ಲಿ ಕಪಾತು ಮಾಡದ ಕಾಫಿ ಗಿಡ ಒಳ್ಳೆಯ ಫಸಲು ಕೊಡುವುದಿಲ್ಲ. ತುದಿ ಚಿವುಟದಿದ್ದರೆ ಅದು ಕೈಗೆಟುಕದ ಮರವಾಗುತ್ತದೆ. ಸವರದ ಮಲ್ಲಿಗೆ ಮೊಗ್ಗು ಬಿಡುವುದು ಕಡಿಮೆ. ನಾವು ಉಡುವ ರೇಷ್ಮೆಯ ಒಂದೊಂದು ಎಳೆಯ ಹಿಂದೆಯೂ ಬುಡಕ್ಕೆ ಕೊಯ್ದ ಹಿಪ್ಪುನೇರಳೆಯಿದೆ. ಗಿಡಕ್ಕೆ ಆಪತ್ತು ಬರುವುದು ಕೊಯ್ಯುವುದರಿಂದಲ್ಲ. ಕೊಯ್ದ ಮೇಲೆ ಮರೆತುಬಿಡುವುದರಿಂದ. ಕೊಯ್ದವರು ನಾಳೆಯೂ ನಾಡಿದ್ದೂ ನೀರು ಹಿಡಿದು ಬಂದರೆ ಗಿಡ ತನ್ನ ಕೆಲಸ ತಾನು ಮಾಡುತ್ತದೆ.

ಎರಡನೆಯ ವರ್ಷದಿಂದ ರೂಪ ಕೊಡುವ ಕೆಲಸ ಶುರು. ತಾಮ್ರದ ಅಥವಾ ಅಲ್ಯೂಮಿನಿಯಂ ತಂತಿ ಸುತ್ತಿ ರೆಂಬೆಗಳನ್ನು ಬಗ್ಗಿಸುವುದು ಜಪಾನೀ ಪದ್ಧತಿ. ಚಳಿನಾಡಿನಲ್ಲಿ ನಿಧಾನ ಬೆಳೆಯುವ ಪೈನ್ ಮರಕ್ಕೆ ಅದು ಸರಿ. ನಮ್ಮ ಮೈಸೂರಿನ ಹವೆಯಲ್ಲಿ ಹಿಪ್ಪುನೇರಳೆ ಬೆಳೆಯುವ ಭರಕ್ಕೆ ತಂತಿ ಕೆಲವೇ ವಾರದಲ್ಲಿ ಸಿಪ್ಪೆಯೊಳಗೆ ಇಳಿದು ಗಾಯ ಉಳಿಸುತ್ತದೆ. ದಕ್ಷಿಣ ಚೀನಾದ ಗ್ವಾಂಗ್‌ಡಾಂಗ್ ಸೀಮೆಯಲ್ಲಿ ಬೇರೆ ದಾರಿಯಿದೆ, ಲಿಂಗ್ನಾನ್ ಪದ್ಧತಿ ಎನ್ನುತ್ತಾರೆ. ಅಲ್ಲೂ ಬೆಚ್ಚನೆಯ, ಮಳೆಯ ನಾಡು. ಅವರು ತಂತಿಯನ್ನು ನೆಚ್ಚುವುದಿಲ್ಲ. ರೆಂಬೆಯನ್ನು ಬೇಕಾದಷ್ಟು ದಪ್ಪವಾಗುವವರೆಗೆ ಬೆಳೆಯಲು ಬಿಡುತ್ತಾರೆ, ಆಮೇಲೆ ಒಂದು ಕಣ್ಣಿನ ಮೇಲೆ ಕತ್ತರಿಸುತ್ತಾರೆ. ಉಳಿದ ಕಣ್ಣು ಯಾವ ದಿಕ್ಕಿಗೆ ನೋಡುತ್ತಿದೆಯೋ ಹೊಸ ಕಡ್ಡಿ ಆ ದಿಕ್ಕಿಗೆ ಹೊರಡುತ್ತದೆ. ಅದನ್ನೂ ಬೆಳೆಸಿ, ಇನ್ನಷ್ಟು ಗಿಡ್ಡವಾಗಿ ಕತ್ತರಿಸುತ್ತಾರೆ. ಹೀಗೆ ಒಂದೊಂದು ಕಟಾವಿಗೂ ಒಂದು ತಿರುವು, ಒಂದೊಂದು ತಿರುವಿಗೂ ಸ್ವಲ್ಪ ಸಣ್ಣಗಾದ ರೆಂಬೆ. ಬುಡದಿಂದ ತುದಿಯವರೆಗೆ ನೋಡುವವರ ಕಣ್ಣು ಎಲ್ಲೂ ಎಡವದೆ ಏರುತ್ತದೆ. ರೇಷ್ಮೆ ರೈತರು ಸೊಪ್ಪಿಗಾಗಿ ಮಾಡುವುದನ್ನು ಲಿಂಗ್ನಾನಿನವರು ರೂಪಕ್ಕಾಗಿ ಮಾಡುತ್ತಾರೆ. ಚೀನಾವೂ ರೇಷ್ಮೆಯ ತವರೇ ತಾನೆ.

ಕತ್ತರಿ ಹಿಡಿದು ಗಿಡದ ಮುಂದೆ ಕೂರುವ ಆ ಹೊತ್ತು ನನಗೆ ಬಹಳ ಪ್ರಿಯವಾದದ್ದು. ಮೊದಲು ಗಿಡದ ಮುಖ ಯಾವುದೆಂದು ತೀರ್ಮಾನವಾಗಬೇಕು. ತೊಟ್ಟಿಯನ್ನು ತಿರುಗಿಸುತ್ತ, ಬೇರುಗಳು ಹೆಚ್ಚು ಅಗಲವಾಗಿ ಕಾಣುವ, ಕಾಂಡದ ತಿರುವು ತೆರೆದುಕೊಳ್ಳುವ, ತುದಿ ಸ್ವಲ್ಪ ನಮ್ಮ ಕಡೆ ಬಾಗಿರುವ ಮಗ್ಗುಲನ್ನು ಹುಡುಕಬೇಕು. ಗೋಡೆಗೆ ಒತ್ತಿಕೊಂಡು ಚಪ್ಪಟೆಯಾಗಿದ್ದ ಭಾಗವನ್ನು ಹಿಂದಕ್ಕೆ ಹಾಕೋಣವೆಂದು ಮೊದಲು ಎಣಿಸಿದ್ದೆ. ದಿನವೂ ನೋಡುತ್ತ ನೋಡುತ್ತ ಆ ಚಪ್ಪಟೆ ಮಗ್ಗುಲೇ ಮುಖವಾಯಿತು. ಇಷ್ಟು ವರ್ಷ ಗೋಡೆಯ ಪಕ್ಕ ನಿಂತ ಗುರುತು ಅಲ್ಲಿದೆ. ಆ ಗೋಡೆ ಈಗಿಲ್ಲ, ಅದರ ಒತ್ತು ಗಿಡದ ಮೈಮೇಲಿದೆ. ಗಿಡದ ಎತ್ತರ ಬುಡದ ದಪ್ಪದ ಆರು ಪಟ್ಟಿನಷ್ಟಿದ್ದರೆ ಚೆಂದ ಎಂಬ ಲೆಕ್ಕವನ್ನು ಬೋನ್ಸಾಯ್ ಕಲಿಯುವವರಿಗೆ ಹೇಳಿಕೊಡುತ್ತಾರೆ. ಅದಕ್ಕಿಂತ ಗಿಡ್ಡವಾದರೆ ಗಿಡ ಇನ್ನಷ್ಟು ಗಟ್ಟಿಮುಟ್ಟಾಗಿ, ಹೊಲದ ಬದುವಿನ ಹಳೆಯ ಮರದ ಹಾಗೆ ತೋರುತ್ತದೆ. ನಾನು ಆರಿಸಿಕೊಂಡದ್ದು ಆ ಗಿಡ್ಡ ರೂಪ.

ಕಣ್ಣು ಪಳಗಬೇಕಾದರೆ ನೋಡಬೇಕು. ಶ್ರೀರಾಂಪುರದವರಿಗೆ ಈ ವಿಷಯದಲ್ಲಿ ಭಾಗ್ಯವಿದೆ. ರಿಂಗ್ ರಸ್ತೆ ಹಿಡಿದು ಹೋದರೆ ಊಟಿ ರಸ್ತೆಯಲ್ಲಿ ಅವಧೂತ ದತ್ತ ಪೀಠ, ಅದರ ಆವರಣದಲ್ಲಿ 1980ರ ದಶಕದಲ್ಲಿ ಆರಂಭವಾದ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ. ನೂರಾರು ಕುಂಡಗಳ ನಡುವೆ ಕೋತಿಗಳ ಪ್ರತಿಮೆಗಳು, ಕಿಷ್ಕಿಂಧೆಯಲ್ಲವೇ! ಇಲ್ಲಿ ನಡೆಯುವ ಬೋನ್ಸಾಯ್ ಸಮ್ಮೇಳನಕ್ಕೆ ದೂರದೂರದ ಪರಿಣತರು ಬರುತ್ತಾರೆ. 2016ರಲ್ಲಿ ಒಂದೇ ಕಡೆ ಇಟ್ಟ ಬೋನ್ಸಾಯ್‌ಗಳ ಸಂಖ್ಯೆಗೆ ಗಿನ್ನೆಸ್ ದಾಖಲೆಯೂ ಸಂದಿತು. ದಾಖಲೆಗಿಂತ ನನ್ನನ್ನು ಅಲ್ಲಿಗೆ ಮತ್ತೆ ಮತ್ತೆ ಕರೆಯುವುದು ಆಲ, ಅರಳಿ, ಅತ್ತಿಯ ಜಾತಿಯ ನಮ್ಮ ನಾಡಿನ ಮರಗಳು. ಪೈನ್ ಮರದ ಚಿತ್ರ ನೋಡಿ ಬೋನ್ಸಾಯ್ ಕಲಿತವರಿಗೆ ನಮ್ಮ ಮರಗಳ ಲಕ್ಷಣ ತಪ್ಪಿಹೋಗುತ್ತದೆ. ಆಲ ಅಗಲಕ್ಕೆ ಹರಡಬೇಕು, ಬಿಳಲು ಬಿಡಬೇಕು. ಹುಣಸೆ ಕೊಡೆ ಹಿಡಿಯಬೇಕು. ಹಿಪ್ಪುನೇರಳೆ ಒರಟು ಬುಡದಿಂದ ಸಪೂರ ಕಡ್ಡಿಗಳನ್ನು ಆಕಾಶಕ್ಕೆ ಎತ್ತಬೇಕು. ದಸರೆಯ ಹೊತ್ತಿಗೆ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನಕ್ಕೆ ಹೋದರೂ ನಾನು ಹೂವಿನ ಆನೆ, ಹೂವಿನ ಅರಮನೆಗಳನ್ನು ದಾಟಿ ಕುಂಡಗಳ ಸಾಲು ಹುಡುಕುತ್ತೇನೆ.

ಹಿಪ್ಪುನೇರಳೆಯಲ್ಲಿ ಇನ್ನೊಂದು ಸೊಗಸಿದೆ. ಗಿಡ ಗಟ್ಟಿಯಾಗಿದ್ದಾಗ ಎಲೆಗಳನ್ನೆಲ್ಲ ತೊಟ್ಟು ಉಳಿಸಿ ಕತ್ತರಿಸಿದರೆ, ಮತ್ತೆ ಬರುವ ಎಲೆ ಮೊದಲಿಗಿಂತ ಸಣ್ಣದು. ಆ ಹೊಸ ಚಿಗುರಿನ ಜೊತೆಯೇ ಹಣ್ಣು. ಎಲೆಯನ್ನು ಕಿರಿದು ಮಾಡಬಹುದು, ಹಣ್ಣನ್ನು ಯಾರೂ ಕಿರಿದು ಮಾಡಲಾರರು. ಗೇಣುದ್ದದ ಮರದಲ್ಲಿ ಪೂರ್ತಿ ಗಾತ್ರದ ಹಣ್ಣು, ಹಸಿರಿನಿಂದ ಕೆಂಪಿಗೆ, ಕೆಂಪಿನಿಂದ ಕಪ್ಪಿಗೆ. ಕತ್ತರಿಸಿದ ಎಲೆಯೂ ವ್ಯರ್ಥವಾಗುವುದಿಲ್ಲ. ಪಕ್ಕದ ಬೀದಿಯ ಮಕ್ಕಳು ಶಾಲೆಯ ಪ್ರಯೋಗಕ್ಕೆಂದು ಪೆಟ್ಟಿಗೆಯಲ್ಲಿ ಹುಳ ಸಾಕಿದ್ದರು. ಬೋನ್ಸಾಯ್ ಗಿಡದ ಸೊಪ್ಪು ತಿಂದು ಅವು ಗೂಡು ಕಟ್ಟಿದವು.

ಬಾಧೆಯೂ ಇದೆ. ಬೇಸಿಗೆಯಲ್ಲಿ ತುದಿ ಚಿಗುರು ಮುದುರಿ ಗಂಟಾದರೆ ಅದು ತುಕ್ರ, ಒಂದು ಬಗೆಯ ಹಿಟ್ಟು ತಿಗಣೆಯ ಕಾಟ. ಆ ತುದಿಯನ್ನು ಮುರಿದು ಸುಟ್ಟುಬಿಡಬೇಕು. ರೇಷ್ಮೆ ವಿಜ್ಞಾನಿಗಳು ಇದಕ್ಕೆ ವಿಷದ ಬದಲು ಆ ತಿಗಣೆಯನ್ನು ತಿನ್ನುವ ಗುಲಗಂಜಿ ಹುಳುಗಳನ್ನು ತೋಟಕ್ಕೆ ಬಿಡಲು ರೈತರಿಗೆ ಕಲಿಸಿದ್ದಾರೆ. ರೇಷ್ಮೆ ಹುಳ ತಿನ್ನುವ ಸೊಪ್ಪಿಗೆ ವಿಷ ಹೊಡೆಯುವುದೆಂದರೆ ಹುಳವನ್ನೇ ಕೊಂದಂತೆ. ನನ್ನ ತಾರಸಿಗೂ ನಾನು ಅದೇ ನಿಯಮ ಇಟ್ಟುಕೊಂಡಿದ್ದೇನೆ. ಏಪ್ರಿಲಿನ ಬಿಸಿಲಿಗೆ ತಾರಸಿಯ ನೆಲ ಕಾದು ಕುಂಡದ ಬೇರು ಬೇಯುತ್ತದೆ. ಇಟ್ಟಿಗೆಯ ಮೇಲೆ ಎತ್ತಿಟ್ಟು, ಸುತ್ತ ಒದ್ದೆ ಗೋಣಿ ಹಾಸಿ, ಬೆಳಿಗ್ಗೆ ಸಂಜೆ ಎರಡು ಹೊತ್ತು ನೀರು ಕೊಟ್ಟರೆ ಗಿಡ ಬೇಸಿಗೆ ದಾಟುತ್ತದೆ. ಊರಿಗೆ ಹೋಗುವಾಗ ಈ ಕೆಲಸ ವಹಿಸಿಕೊಳ್ಳುವವರೊಬ್ಬರು ಬೇಕು. ಬೋನ್ಸಾಯ್ ಇಟ್ಟವರಿಗೆ ನೆರೆಹೊರೆಯವರ ಸ್ನೇಹವೂ ಅದರ ಆರೈಕೆಯ ಭಾಗ.

ಒಬ್ಬರ ಕೈಯಲ್ಲಿ ಮುಗಿಯುವ ಕೆಲಸವೇ ಅಲ್ಲ ಇದು. ವಾಷಿಂಗ್ಟನ್ನಿನ ಬೋನ್ಸಾಯ್ ಸಂಗ್ರಹಾಲಯದಲ್ಲಿ 1625ರಿಂದ ಕುಂಡದಲ್ಲಿದೆ ಎನ್ನಲಾಗುವ ಒಂದು ಬಿಳಿ ಪೈನ್ ಇದೆ. ಹಿರೋಷಿಮಾದ ಯಾಮಾಕಿ ಕುಟುಂಬದವರು ತಲೆಮಾರಿನಿಂದ ತಲೆಮಾರಿಗೆ ಅದನ್ನು ಕಾಪಾಡಿಕೊಂಡು ಬಂದ ಮರ. 1945ರಲ್ಲಿ ಆ ನಗರದ ಮೇಲೆ ಅಣುಬಾಂಬ್ ಬಿದ್ದಾಗಲೂ ಅದು ಉಳಿಯಿತು. 1976ರಲ್ಲಿ ಆ ಕುಟುಂಬ ಅದನ್ನು ಬಾಂಬ್ ಹಾಕಿದ ದೇಶಕ್ಕೇ ಕೊಡುಗೆಯಾಗಿ ಕೊಟ್ಟಿತು. ಅದರ ಬುಡದ ದಪ್ಪದಲ್ಲಿ ಎಷ್ಟು ಕೈಗಳ ನೀರು ಸೇರಿದೆಯೋ! ಅಜ್ಜಿಯ ಗಿಡ ಅಷ್ಟು ಹಳೆಯದಲ್ಲ. ಆದರೂ ಅದರ ಬುಡದಲ್ಲಿ ಕಾರ್ಖಾನೆಯಿಂದ ಬಂದು ಸಂಜೆ ನೀರು ಹಾಕುತ್ತಿದ್ದ ಒಬ್ಬರು ಇದ್ದಾರೆ, ಹಣ್ಣಿಗೆ ಏರಿ ರೆಂಬೆ ಮುರಿದ ಬೀದಿಯ ಮಕ್ಕಳಿದ್ದಾರೆ, ತಂತಿಗೆ ತಾಗದಂತೆ ವರ್ಷವರ್ಷ ಕಡಿದವರಿದ್ದಾರೆ. ಅವರೆಲ್ಲ ಸೇರಿ ಮಾಡಿದ ಬುಡಕ್ಕೆ ನಾನು ನಾಲ್ಕು ರೆಂಬೆ ಕೂಡಿಸಿದ್ದೇನೆ.

ಹೊಸ ಮನೆಯ ಗೃಹಪ್ರವೇಶಕ್ಕೆ ಹೋದಾಗ ಅಜ್ಜಿ ತಾವೇ ಕೇಳಿದರು, “ನಮ್ಮ ಗಿಡ ಹೆಂಗಿದೆಯಮ್ಮ?” ಮರುದಿನ ಮೊಮ್ಮಗನ ಕೈ ಹಿಡಿದು ನಮ್ಮ ತಾರಸಿ ಹತ್ತಿ ಬಂದು, ಬುಡವನ್ನು ಮುಟ್ಟಿ ಮುಟ್ಟಿ ನೋಡಿದರು. ಎಲೆಯನ್ನಲ್ಲ, ಹಣ್ಣನ್ನಲ್ಲ, ಬುಡವನ್ನೇ ಗುರುತು ಹಿಡಿದರು. “ಇದು ನಮ್ಮದೇ” ಎಂದರು. ಗಿಡವನ್ನು ಹಿಂದಕ್ಕೆ ಒಯ್ಯಿರಿ ಎಂದೆ. “ನಾನು ಮೆಟ್ಟಿಲು ಹತ್ತಿ ಎರಡು ಹೊತ್ತು ನೀರು ಹಾಕೋಕಾಗುತ್ತಾ? ನಿನ್ನ ಹತ್ರಾನೇ ಇರಲಿ” ಎಂದರು. ಆದರೆ ಅವರಿಗೆ ಕೊಡಲು ನನ್ನ ಬಳಿ ಬೇರೆಯದೊಂದಿತ್ತು.

ರೂಪ ಕೊಡುವಾಗ ಕತ್ತರಿಸಿದ ಕಡ್ಡಿಗಳನ್ನು ನಾನು ಎಸೆಯುವುದಿಲ್ಲ. ಪೆನ್ಸಿಲ್ ದಪ್ಪದ ಕಡ್ಡಿಯನ್ನು ಮೂರು ನಾಲ್ಕು ಕಣ್ಣಿಗೆ ತುಂಡರಿಸಿ, ಒಂದು ಕಣ್ಣು ಮೇಲೆ ಉಳಿಯುವಂತೆ ಮರಳು ಮಣ್ಣಿನಲ್ಲಿ ಊರಿದರೆ ಹಿಪ್ಪುನೇರಳೆ ಸುಲಭವಾಗಿ ಬೇರು ಬಿಡುತ್ತದೆ. ರೈತರು ನರ್ಸರಿ ಮಾಡುವುದೂ ಹೀಗೆಯೇ. ಆ ಗಿಡದ ಕಡ್ಡಿಯಿಂದ ಬಂದ ಒಂದು ಸಸಿಯನ್ನು ಮೊಮ್ಮಗನ ಕೈಗೆ ಕೊಟ್ಟೆ. ಹೊಸ ಮನೆಯ ಸುತ್ತ ಎಲ್ಲ ಕಡೆ ಟೈಲ್ಸ್ ಹಾಕಿಯಾಗಿತ್ತು. ಅಜ್ಜಿಯ ಮಗ ಸ್ವಲ್ಪ ಹೊತ್ತು ಯೋಚಿಸಿ, ಮೇಸ್ತ್ರಿಯನ್ನು ಕರೆಸಿ, ಗೇಟಿನ ಮೂಲೆಯಲ್ಲಿ ಎರಡು ಟೈಲ್ಸ್ ತೆಗೆಸಿದರು. ಕೆಳಗೆ ಜಲ್ಲಿ, ಅದರ ಕೆಳಗೆ ಅದೇ ಹಳೆಯ ಕೆಂಪು ಮಣ್ಣು.

ಮನೆ ಕಟ್ಟುವ ಎಲ್ಲರಲ್ಲಿ ನನ್ನದು ಇದೊಂದೇ ಕೋರಿಕೆ. ಜೆಸಿಬಿ ಬರುವ ಮುನ್ನ ಒಂದು ವಾರ ಬಿಡುವು ಕೊಡಿ. ಬೇಕಾದವರು ಬಂದು ಗಿಡಗಳನ್ನು ಬುಡಸಹಿತ ಒಯ್ಯಲಿ. ಹೊಸ ಮನೆಯ ಅಂಗಳದಲ್ಲಿ ಎರಡಡಿ ಚದರವಾದರೂ ಮಣ್ಣನ್ನು ಮುಚ್ಚದೆ ಬಿಡಿ, ಅದರಲ್ಲಿ ಒಂದು ಕಡ್ಡಿ ಊರಿ. ಕುಂಡದಲ್ಲಿ ನಾವು ಎಷ್ಟೇ ಮುತುವರ್ಜಿ ವಹಿಸಿದರೂ ಹಳೆಯ ಬುಡವನ್ನು ಕಾಪಾಡಬಲ್ಲೆವಷ್ಟೇ, ಹೊಸ ಬುಡವನ್ನು ಕಟ್ಟಲಾರೆವು. ಅದನ್ನು ಕಟ್ಟುವುದು ನೆಲ, ಅದೂ ಮೂವತ್ತು ವರ್ಷ ತೆಗೆದುಕೊಂಡು. ಇಂದು ನೆಲ ಉಳಿಸದಿದ್ದರೆ ಮುಂದಿನವರು ಅಗೆದು ತರಲು ಶ್ರೀರಾಂಪುರದಲ್ಲಿ ಒಂದು ಗಿಡವೂ ಇರುವುದಿಲ್ಲ.